16 ದಿನದ ಮಿಷನ್ ಟ್ರಿಪ್: ಮೂರು ಸ್ಟಾರ್, ಅದ್ರಲ್ಲಿ ಒಂದು ಜ್ವರಕ್ಕೆ

ಚರ್ಚಿನ ಹುಡುಗ ಹುಡುಗಿಯರನ್ನ ಹೊರದೇಶಕ್ಕೆ ಕರ್ಕೊಂಡು ಹೋಗಿ ಸುವಾರ್ತೆ ಸಾರಿಸಿ, ಒಂದಿಷ್ಟು ಸೇವೆ ಕೆಲಸ ಮಾಡಿಸೋ ಟ್ರಿಪ್ ಇದು, ಮುಗಿಸ್ಕೊಂಡು ಬಂದು ಐದು ತಿಂಗಳಾಯ್ತು. ಬಂದ ವಾರದಲ್ಲೇ ಈ ರಿವ್ಯೂ ಬರೆದಿದ್ರೆ ಕಣ್ಣು ಮುಚ್ಕೊಂಡು ಐದು ಸ್ಟಾರ್ ಕೊಡ್ತಿದ್ದೆ, ಎರಡನೇ ತಿಂಗಳಲ್ಲಿ ಬರೆದಿದ್ರೆ ಒಂದೇ ಒಂದು, ಅದೂ ಸಿಟ್ಟಲ್ಲಿ. ಈಗ ಬಿಸಿ ಆರಿದೆ, ಮೂರು ಕೊಡ್ತಿದೀನಿ. ಸಂಸ್ಥೆ ಹೆಸರು ಹೇಳಲ್ಲ, ಹೋದ ದೇಶದ ಹೆಸರೂ ಹೇಳಲ್ಲ, ಯಾಕಂದ್ರೆ ದೇಶ ಹೇಳಿದ್ರೆ ಸಂಸ್ಥೆ ಯಾವ್ದು ಅಂತ ಗೊತ್ತಿರೋರಿಗೆ ಗೊತ್ತಾಗಿಬಿಡುತ್ತೆ, ಮತ್ತೆ ಅಲ್ಲಿನ ಸಭೆಯವರು (ಚರ್ಚಿನ ಜನ) ನಮ್ಮ ಹಾಗೆ ಹಾಯಾಗಿ ಎಲ್ಲಾನೂ ಬರ್ಕೊಂಡು ಕೂರೋ ಸ್ಥಿತಿಯಲ್ಲಿಲ್ಲ. ಹೆಸರೇ ಹೇಳದ ಮೇಲೆ ರಿವ್ಯೂ ಯಾಕಪ್ಪಾ ಅಂತೀರಾ? ಈ ಯೂತ್ ಟ್ರಿಪ್‌ಗಳು ಒಂದನ್ನೊಂದು ಅಚ್ಚು ಹೊಯ್ದ ಹಾಗೆ ಇರುತ್ವೆ, ಬ್ರೋಷರ್ ಬಣ್ಣ ಮಾತ್ರ ಬೇರೆ. ಹಾಗಾಗಿ ಒಂದರ ಕಥೆ ಕೇಳಿದ್ರೆ ಹತ್ತಕ್ಕೆ ಉಪಯೋಗ ಆಗುತ್ತೆ.

ಅಪ್ಲಿಕೇಶನ್ ವಿಷಯದಲ್ಲಿ ಕಂಪ್ಲೇಂಟ್ ಇಲ್ಲ. ಪಾಸ್ಟರ್ ಹತ್ರ ಪತ್ರ ತರಿಸಿದ್ರು, ಪೊಲೀಸ್ ವೆರಿಫಿಕೇಶನ್ ಕೇಳಿದ್ರು, ಮಕ್ಕಳ ಜೊತೆ ಯಾರೂ ಒಂಟಿಯಾಗಿ ಇರಕೂಡದು, ಇಬ್ಬರು ದೊಡ್ಡೋರು ಇರ್ಲೇಬೇಕು ಅಂತ ಸಹಿ ಹಾಕಿಸ್ಕೊಂಡ್ರು. ಪಾಸ್‌ಪೋರ್ಟ್ ಆರು ತಿಂಗಳಾದ್ರೂ ವ್ಯಾಲಿಡ್ ಇದೆಯಾ ಅಂತ ಮೂರು ಸಲ ಕೇಳಿದ್ರು, ಆದ್ರೂ ಟೀಮಲ್ಲಿ ಒಬ್ಬಂದು ಐದೇ ತಿಂಗಳು ಉಳಿದಿತ್ತು, ಅವ್ನು ರಿನ್ಯೂ ಮಾಡಿಸೋಕೆ ಓಡಾಡಿದ್ದು ಇನ್ನೊಂದು ಕಥೆ. ಹಳದಿ ಜ್ವರದ ಲಸಿಕೆ ಕಾರ್ಡ್ ಇತ್ತು, ಇನ್ಶೂರೆನ್ಸ್ ಇತ್ತು, ಯಾರಿಗಾದ್ರೂ ಸೀರಿಯಸ್ ಆದ್ರೆ ಎತ್ಕೊಂಡು ಬರೋ ವ್ಯವಸ್ಥೆ ಕೂಡ ಕಾಗದದ ಮೇಲೆ ಇತ್ತು. ಒಂದು ಸ್ಟಾರ್ ಇದಕ್ಕೇ.

ದುಡ್ಡು. ಫೀಸಲ್ಲಿ ಅರ್ಧಕ್ಕಿಂತ ಜಾಸ್ತಿ ವಿಮಾನಕ್ಕೇ ಹೋಯ್ತು, ಉಳಿದಿದ್ದು ಊಟ, ವಸತಿ, ವ್ಯಾನು, ಇನ್ಶೂರೆನ್ಸು. ಆ ಊರಿನ ಸಭೆ ಕೈಗೆ ಸೇರಿದ್ದು ಎಷ್ಟು ಅಂತ ನಾನು ಕೇಳಿದ್ದು ಬಂದ್ಮೇಲೆ, ಮೊದ್ಲೇ ಕೇಳ್ಬೇಕಿತ್ತು, ಹತ್ತರಲ್ಲಿ ಒಂದು ಪಾಲೂ ಇರ್ಲಿಲ್ಲ. ನನ್ನ ಕೈಯಿಂದ ಕಟ್ಟಿದ್ದೂ ಕಮ್ಮಿ, ಸಪೋರ್ಟ್ ಲೆಟರ್ ಬರೆದು ಸಭೆಯವರ ಹತ್ರ, ನೆಂಟರ ಹತ್ರ ಎತ್ತಿದ್ದೇ ಜಾಸ್ತಿ. ಪೆನ್ಷನ್ ದುಡ್ಡಲ್ಲಿ ಬದುಕೋ ಒಬ್ಬ ಅಜ್ಜಿ ಕವರಲ್ಲಿ ಹಾಕಿ ಕೊಟ್ಟಿದ್ರು, ಆ ಕವರ್ ನೆನಪಾದಾಗೆಲ್ಲ ಇವತ್ತಿಗೂ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗೆ ಆಗುತ್ತೆ.

ಟ್ರೈನಿಂಗ್ ನಾಲ್ಕು ಶನಿವಾರ. ಮೂರು ನಿಮಿಷದಲ್ಲಿ ಸಾಕ್ಷಿ, ಅಂದ್ರೆ ನಮ್ಮ ನಂಬಿಕೆಯ ಕಥೆ, ಹೇಳೋದು ಹೇಗೆ (ಮೊದ್ಲು ಹೇಗಿದ್ದೆ, ಏನಾಯ್ತು, ಈಗ ಹೇಗಿದ್ದೀನಿ, ಸ್ಟಾಪ್‌ವಾಚ್ ಇಟ್ಕೊಂಡು), ಮಾತಿಲ್ಲದೆ ಮ್ಯೂಸಿಕ್‌ಗೆ ಮಾಡೋ ಸ್ಕಿಟ್ಟು, ಮಕ್ಕಳ ಆಕ್ಷನ್ ಸಾಂಗ್ಸು, ಬಲೂನಲ್ಲಿ ನಾಯಿ ಮಾಡೋದು. ನಾನು ಹುಟ್ಟಿದಾಗಿಂದ ಚರ್ಚಲ್ಲೇ ಬೆಳೆದಿದ್ದು, ನನ್ನ 'ಮೊದ್ಲು ಹೇಗಿದ್ದೆ' ಅನ್ನೋ ಭಾಗಕ್ಕೆ ಸರಕೇ ಇರ್ಲಿಲ್ಲ, ಲೀಡರ್ ಸ್ವಲ್ಪ ಖಾರ ಸೇರಿಸು ಅಂದ್ರು, ಕಾಲೇಜಲ್ಲಿ ಎರಡು ವರ್ಷ ನಂಬಿಕೆ ತಣ್ಣಗಾಗಿದ್ದನ್ನ ಸ್ವಲ್ಪ ಎಳೆದು ಎಳೆದು ಹೇಳಿದೆ, ಈಗ ಯೋಚಿಸಿದ್ರೆ ನಗು ಬರುತ್ತೆ, ಜೊತೆಗೆ ನಾಚಿಕೆನೂ. ಆದ್ರೆ ಹೋಗೋ ದೇಶದ ಇತಿಹಾಸ, ಅಲ್ಲಿನ ಸಭೆ ಎಷ್ಟು ಹಳೇದು, ಯಾರು ಕಟ್ಟಿದ್ದು, ಜನ ಯಾವ ಭಾಷೆ ಆಡ್ತಾರೆ, ಇದಕ್ಕೆಲ್ಲ ಸೇರಿ ಇಪ್ಪತ್ತು ನಿಮಿಷ. ಆರು ಪದ ಕಲ್ತು ಹೋದ್ವಿ, ಅದ್ರಲ್ಲೂ ಒಂದನ್ನ ತಪ್ಪಾಗಿ ಕಲ್ತಿದ್ವಿ.

ಮೊದಲನೇ ಮಕ್ಕಳ ಕೂಟದಲ್ಲೇ ನಮ್ಮ ಗಾಳಿ ಇಳೀತು. ಸ್ಕಿಟ್ ಶುರುವಾಯ್ತು, ಪಾಪ ಅನ್ನೋ ಸರಪಳಿ ಕಟ್ಕೊಂಡ ಹುಡುಗ ಒದ್ದಾಡ್ತಾನೆ, ಕೊನೆಗೆ ಯೇಸು ಬಂದು ಬಿಡಿಸ್ತಾನೆ, ಗೊತ್ತಲ್ಲ. ನಾನು ಸರಪಳಿ ಹಿಡ್ಕೊಂಡಿದ್ದೆ, ಟೆನ್ಷನ್‌ನಲ್ಲಿ ಒಂದು ಸ್ಟೆಪ್ ಮರ್ತೆ. ಮುಂದಿನ ಸಾಲಲ್ಲಿ ಕೂತಿದ್ದ ಏಳೆಂಟು ವರ್ಷದ ಹುಡುಗಿ ಎದ್ದು ನಿಂತು, ಕೈ ಮಾಡಿ, ಆ ಕಡೆ ಹೋಗು ಆ ಕಡೆ ಅಂತ ತೋರಿಸಿದ್ಲು! ಅವ್ಳಿಗೆ ಪೂರ್ತಿ ಸ್ಕಿಟ್ ಬಾಯಿಪಾಠ. ಆಮೇಲೆ ಟ್ರಾನ್ಸ್‌ಲೇಟರ್ ಅಣ್ಣ ಹೇಳಿದ್ರು, ಪ್ರತಿ ವರ್ಷ ಮೂರ್ನಾಲ್ಕು ಟೀಮ್ ಬರುತ್ತೆ, ಎಲ್ರೂ ಇದನ್ನೇ ಮಾಡ್ತಾರೆ, ಮಕ್ಕಳು ಯಾವ ಟೀಮ್ ಚೆನ್ನಾಗಿ ಮಾಡುತ್ತೆ ಅಂತ ಮಾರ್ಕ್ಸ್ ಹಾಕ್ತಾರೆ ಅಂತ. ನಮಗೆಷ್ಟು ಬಂತು ಅಂತ ಕೇಳೋ ಧೈರ್ಯ ಆಗ್ಲಿಲ್ಲ. ಕೊನೇಲಿ ಯೇಸುನ ನಂಬೋರು ಕೈ ಎತ್ತಿ ಅಂದಾಗ ಆ ಮಕ್ಕಳೆಲ್ಲ ಕೈ ಎತ್ತಿದ್ರು, ನಮ್ಮ ಲೀಡರ್ ಅದನ್ನ ಎಣಿಸಿ ಡೈರಿಯಲ್ಲಿ ಬರ್ಕೊಂಡ್ರು, ಅದೇ ಸಂಖ್ಯೆ ಆಮೇಲೆ ರಿಪೋರ್ಟಲ್ಲಿ ಬಂತು. ಆ ಹುಡುಗಿನೂ ಎತ್ತಿದ್ಲು. ಅವ್ಳು ಎಷ್ಟನೇ ಸಲ ಎತ್ತಿದ್ದೋ ದೇವರಿಗೇ ಗೊತ್ತು, ಹೊಸಬರ ಲೆಕ್ಕದಲ್ಲಿ ಎಷ್ಟು ಟೀಮಿನ ರಿಪೋರ್ಟಲ್ಲಿ ಇದ್ದಾಳೋ.

ಕೆಲಸದ ಭಾಗ ಅಂದ್ರೆ ಸಭೆಯ ಹಿಂದೆ ಒಂದು ಕ್ಲಾಸ್‌ರೂಮ್ ಕಟ್ಟೋದು. ಕಟ್ಟಿದ್ದು ಅಲ್ಲಿನ ಮೇಸ್ತ್ರಿಗಳು, ನಾವು ಇಟ್ಟಿಗೆ ಹೊತ್ವಿ, ಫೋಟೋದಲ್ಲಿ ಮಾತ್ರ ನಾವೇ ಕಟ್ಟಿದ ಹಾಗಿದೆ. ನಾವು ಹದಿನಾಲ್ಕು ಜನ ಸೇರಿ ಒಂದು ದಿನಕ್ಕೆ ಹೊತ್ತಿದ್ದನ್ನ ಅಲ್ಲಿನ ಇಬ್ಬರು ಹುಡುಗರು ಮಧ್ಯಾಹ್ನದೊಳಗೆ ಮುಗಿಸ್ತಿದ್ರು, ನಮಗೆ ದಾರಿ ಬಿಡೋಕೆ ಅವ್ರು ಕೆಲಸ ನಿಲ್ಲಿಸಿ ಪಕ್ಕದಲ್ಲಿ ಕೂತಿದ್ರು. ಬಂದ್ಮೇಲೆ ಇದ್ರ ಬಗ್ಗೆ ಹುಡುಕ್ತಾ ಹೋದಾಗ ಕರ್ಟ್ ವೆರ್ ಬೀಕ್ ಅನ್ನೋ ಸಮಾಜಶಾಸ್ತ್ರಜ್ಞರ ಅಧ್ಯಯನ ಸಿಕ್ತು. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್‌ನ ನೆಲಕ್ಕೆ ಹಾಕಿತ್ತಲ್ಲ, ಆಮೇಲೆ ಉತ್ತರ ಅಮೆರಿಕದಿಂದ ಟೀಮ್‌ಗಳು ಹೋಗಿ ಮನೆ ಕಟ್ಟಿಕೊಟ್ವು. ಒಂದು ಮನೆಗೆ ಖರ್ಚು ಸುಮಾರು 2,000 ಡಾಲರ್, ಅದನ್ನ ಕಟ್ಟೋಕೆ ಒಂದೊಂದು ಟೀಮ್ ಹೋಗಿಬರೋಕೆ ಆಗಿದ್ದು 30,000 ಡಾಲರ್ ಆಸುಪಾಸು. ಮನೆ ಸಿಕ್ಕಿದೋರಿಗೆ ಟೀಮ್ ಬಂದು ಕಟ್ಟಿದ್ದಕ್ಕೂ ಲೋಕಲ್ ಸಂಸ್ಥೆ ಕಟ್ಟಿದ್ದಕ್ಕೂ ಅಂಥ ವ್ಯತ್ಯಾಸ ಏನೂ ಕಾಣಿಸ್ಲಿಲ್ವಂತೆ. ಅದು ಹೋಗ್ಲಿ, ನನ್ನ ಚುಚ್ಚಿದ್ದು ಇನ್ನೊಂದು ಭಾಗ: ಹೋಗಿಬಂದೋರು ನಮ್ಮ ಜೀವನ ಬದಲಾಯ್ತು, ಈಗ ಜಾಸ್ತಿ ಪ್ರಾರ್ಥನೆ ಮಾಡ್ತೀವಿ, ಜಾಸ್ತಿ ಕೊಡ್ತೀವಿ ಅಂದ್ರು, ಆದ್ರೆ ಕಾಣಿಕೆ ಲೆಕ್ಕ ತೆಗೆದು ನೋಡಿದ್ರೆ ಹೇಳಿದಷ್ಟು ಏನೂ ಏರಿರ್ಲಿಲ್ಲ. ವೆರ್ ಬೀಕ್ ಕೊಡೋ ಹೋಲಿಕೆ ಸಸಿದು. ಬಗ್ಗಿಸಿ ಹಿಡ್ಕೊಂಡಿರೋವರೆಗೂ ಬಗ್ಗಿರುತ್ತೆ, ಕೈ ಬಿಟ್ರೆ ಮತ್ತೆ ಎದ್ದು ನಿಲ್ಲುತ್ತೆ, ಗೂಟ ನೆಟ್ಟು ಕಟ್ಟಿದ್ರೆ ಮಾತ್ರ ಹಾಗೇ ಬೆಳೆಯುತ್ತೆ ಅಂತ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಾವು ಚಿಕ್ಕೋರಿದ್ದಾಗಿಂದ ಕೇಳ್ಕೊಂಡು ಬಂದಿದೀವಿ, ಗಿಡವಾಗಿದ್ದಾಗಲೂ ಎರಡೇ ವಾರ ಬಗ್ಗಿಸಿ ಬಿಟ್ರೆ ಸಾಕಾಗಲ್ಲ ಅನ್ನೋದನ್ನ ಮಾತ್ರ ಯಾರೂ ಹೇಳಿರ್ಲಿಲ್ಲ.

ಇದೇನು ಸಣ್ಣ ವ್ಯವಹಾರ ಅಲ್ಲ ಮತ್ತೆ. ಅಮೆರಿಕ ಒಂದರಿಂದಲೇ ವರ್ಷಕ್ಕೆ ಸುಮಾರು 16 ಲಕ್ಷ ಚರ್ಚ್ ಸದಸ್ಯರು ಹೀಗೆ ಹೊರದೇಶಕ್ಕೆ ಹೋಗಿಬರ್ತಾರೆ ಅಂತ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್‌ನೌ 2005ರ ಸಮೀಕ್ಷೆ ಇಟ್ಕೊಂಡು ಅಂದಾಜು ಹಾಕಿದ್ರು.

ಈಗ ಮುಖ್ಯ ವಿಷಯ. ಬ್ರೋಷರಲ್ಲಿ ದೊಡ್ಡದಾಗಿ ಇದ್ದಿದ್ದು ನಿನ್ನ ನಂಬಿಕೆ ಬೆಳೆಯುತ್ತೆ ಅಂತ. ಬೆಳೀತಾ? ಬೆಳೀತು, ಆದ್ರೆ ಪ್ರೋಗ್ರಾಮಲ್ಲಿ ಇದ್ದ ಯಾವುದ್ರಿಂದಲೂ ಅಲ್ಲ.

ಒಂಬತ್ತನೇ ದಿನ ನನಗೆ ಜ್ವರ ಬಂತು. ಮಲೇರಿಯಾ ಇರೋ ಜಾಗ, ಹಾಗಾಗಿ ಲೀಡರ್ ತಡ ಮಾಡದೆ ಕ್ಲಿನಿಕ್‌ಗೆ ಕರ್ಕೊಂಡು ಹೋಗಿ ಟೆಸ್ಟ್ ಮಾಡಿಸಿದ್ರು, ನೆಗೆಟಿವ್, ಹೊಟ್ಟೆ ಇನ್ಫೆಕ್ಷನ್ ಅಷ್ಟೇ. ಟೀಮ್ ಇನ್ನೊಂದು ಹಳ್ಳಿಗೆ ಎರಡು ದಿನ ಹೋಗ್ಬೇಕಿತ್ತು, ನನ್ನ ಮತ್ತೆ ನನ್ನ ನೋಡ್ಕೊಳ್ಳೋಕೆ ಒಬ್ಬರನ್ನ ಸಭೆಯ ಒಬ್ಬ ಆಂಟಿ ಮನೇಲಿ ಬಿಟ್ರು. ಬಿಟ್ಟ ಇನ್ನೊಬ್ಬರೂ ಮಾರನೇ ದಿನ ಮಲಗಿದ್ರು, ಅದು ಬಿಡಿ. ಆ ಆಂಟಿಗೆ ನಮ್ಮ ಭಾಷೆ ಒಂದಕ್ಷರ ಬರಲ್ಲ, ನನಗೆ ಅವ್ರದ್ದು ಆರು ಪದ, ಅದ್ರಲ್ಲಿ ಒಂದು ತಪ್ಪು. ಅವ್ರು ಒದ್ದೆ ಬಟ್ಟೆ ಹಾಕ್ತಾ, ಸೊಳ್ಳೆ ಪರದೆ ಸರಿ ಮಾಡ್ತಾ, ರಾತ್ರಿ ಎಷ್ಟೊತ್ತಿಗೆ ಕಣ್ಣು ಬಿಟ್ಟರೂ ಅಲ್ಲೇ ಗೋಡೆಗೆ ಒರಗಿ ಕೂತಿರ್ತಿದ್ರು. ಒಂದು ಸಲ ಕಣ್ಣು ಬಿಟ್ಟಾಗ ಪ್ರಾರ್ಥನೆ ಮಾಡ್ತಿದ್ರು, ಸಣ್ಣ ದನಿಯಲ್ಲಿ, ಪಕ್ಕದ ಮನೆಯವ್ರ ಹತ್ರ ಮಾತಾಡ್ದಂಗೆ. ನನಗೆ ಅರ್ಥ ಆಗಿದ್ದು ಎರಡೇ ಪದ, ಒಂದು ಯೇಸು, ಇನ್ನೊಂದು ನನ್ನ ಹೆಸರು, ಅದನ್ನೂ ಅವ್ರು ತಿರುಚಿ ಹೇಳ್ತಿದ್ರು.

ಆಗ ಹೊಳೀತು, ಒಂಬತ್ತು ದಿನದಲ್ಲಿ ನಾನು ಇಪ್ಪತ್ತು ಸಲ ಪ್ರಾರ್ಥನೆ ಮಾಡಿದೀನಿ, ಮೈಕ್ ಹಿಡ್ದು, ಕೂಟದಲ್ಲಿ, ವ್ಯಾನಲ್ಲಿ, ಮಕ್ಕಳ ತಲೆ ಮೇಲೆ ಕೈ ಇಟ್ಟು, ಒಂದು ಸಲ ಕೂಡ ಯಾರೂ ನೋಡದೇ ಇರೋವಾಗ ಮಾಡಿಲ್ಲ. ಬೆಳಿಗ್ಗೆ ಒಬ್ಬೊಬ್ಬರೇ ಕೂತು ಪ್ರಾರ್ಥನೆ ಮಾಡೋಕೆ ಕ್ವಯಟ್ ಟೈಮ್ ಅಂತ ಅರ್ಧ ಗಂಟೆ ಇತ್ತು, ಅದ್ರಲ್ಲಿ ಜರ್ನಲ್ ಬರೀತಿದ್ದೆ, ಆ ಜರ್ನಲ್ಲನ್ನೂ ಬಂದ್ಮೇಲೆ ಸಭೆ ಮುಂದೆ ಓದೋಕೆ ಅನುಕೂಲ ಆಗ್ಲಿ ಅಂತಲೇ ಬರೀತಿದ್ದೆ. ಬೈಬಲಿನ ಮತ್ತಾಯ 6ರಲ್ಲಿ ಕೋಣೆ ಬಾಗಿಲು ಮುಚ್ಕೊಂಡು ಪ್ರಾರ್ಥನೆ ಮಾಡು ಅಂತ ಇರೋದು ಸಂಡೇ ಸ್ಕೂಲಿಂದ ಕೇಳಿದ್ದೇ, ಆದ್ರೆ ನನ್ನ ನಂಬಿಕೆಗೆ ಬಾಗಿಲೇ ಇರ್ಲಿಲ್ಲ, ಬರೀ ಕಿಟಕಿಗಳು. ಆ ರಾತ್ರಿ ಪ್ರಾರ್ಥನೆ ಮಾಡೋಕೆ ನೋಡಿದೆ, ಏನೂ ಬರ್ಲಿಲ್ಲ ಕಣ್ರಿ. ನಿಜವಾಗ್ಲೂ ಏನೂ. ಮೂರು ನಿಮಿಷದ ಸಾಕ್ಷಿ ಮಾತ್ರ ರೆಕಾರ್ಡ್ ಥರ ತಲೆಯಲ್ಲಿ ಓಡ್ತಿತ್ತು. ಕೊನೆಗೆ 13ನೇ ಕೀರ್ತನೆ ಓದ್ಕೊಂಡೆ, ಇನ್ನೆಷ್ಟರವರೆಗೆ ನನ್ನ ಮರೀತೀಯ ಅಂತ ದೇವರ ಹತ್ರ ಜಗಳ ಆಡೋ ಕೀರ್ತನೆ ಅದು, ಚಿಕ್ಕದು, ಆರೇ ವಚನ. ಅದನ್ನೇ ಮೂರ್ನಾಲ್ಕು ಸಲ ಓದಿ ಮಲಗಿದೆ. ಬೆಳಕು ಬರ್ಲಿಲ್ಲ, ಧ್ವನಿ ಕೇಳಿಸ್ಲಿಲ್ಲ, ಕಣ್ಣೀರೂ ಬರ್ಲಿಲ್ಲ. ಬೆಳಿಗ್ಗೆ ಎದ್ದಾಗ ಆಂಟಿ ಅಲ್ಲೇ ನಿದ್ದೆ ಹೋಗಿದ್ರು, ಕೂತ ಹಾಗೇ.

ಎರಡನೇ ದಿನ ಲೂಕ 10 ಓದಿದೆ, ಯೇಸು ಎಪ್ಪತ್ತು ಮಂದಿಯನ್ನ ಇಬ್ಬಿಬ್ಬರಾಗಿ ಕಳಿಸೋ ಭಾಗ (ಕೆಲವು ಹಳೇ ಪ್ರತಿಗಳಲ್ಲಿ ಎಪ್ಪತ್ತೆರಡು). ಟ್ರೈನಿಂಗಲ್ಲಿ ಇದ್ರ ಮೇಲೇ ಒಂದು ಸೆಷನ್ ಇತ್ತು, ಬೆಳೆ ಬಹಳ ಕೆಲಸಗಾರರು ಕಮ್ಮಿ ಅನ್ನೋ ವಚನ ದೊಡ್ಡ ಅಕ್ಷರದಲ್ಲಿ ಟೀ ಶರ್ಟ್ ಮೇಲೂ ಇತ್ತು. ಅದ್ರ ಮುಂದಿನ ವಚನಗಳನ್ನ ಯಾರೂ ಟೀ ಶರ್ಟ್ ಮೇಲೆ ಹಾಕ್ಸಲ್ಲ: ಹಮ್ಮೀಣಿ (ದುಡ್ಡಿನ ಚೀಲ) ತಗೊಂಡು ಹೋಗ್ಬೇಡಿ, ಚೀಲ ಬೇಡ, ಚಪ್ಪಲಿ ಬೇಡ, ಯಾರ ಮನೆಗೆ ಹೋಗ್ತೀರೋ ಅಲ್ಲೇ ಇರಿ, ಕೊಟ್ಟಿದ್ದನ್ನ ಉಣ್ಣಿ. ಅಂದ್ರೆ ಕಳಿಸ್ಕೊಂಡೋನು ಬರಿಗೈಲಿ ಹೋಗಿ ಬೇರೆಯವ್ರ ಮನೆ ಬಾಗಿಲಲ್ಲಿ ನಿಲ್ಬೇಕು, ಪಡ್ಕೊಳ್ಳೋನಾಗಿ. ನಾವು ಒಬ್ಬೊಬ್ರೂ 23 ಕೆಜಿ ಸೂಟ್‌ಕೇಸ್ ಎಳ್ಕೊಂಡು, ಬಲೂನು, ಬೊಂಬೆ, ಹಳೇ ಬಟ್ಟೆ ತುಂಬ್ಕೊಂಡು, ಕೊಡೋರಾಗಿ ಹೋಗಿದ್ವಿ. ಜ್ವರ ಬಂದ್ಮೇಲೆ ಮಾತ್ರ ನಾನು ಆ ಅಧ್ಯಾಯದೊಳಗೆ ಕಾಲಿಟ್ಟಿದ್ದು. ಅದೇ ಅಧ್ಯಾಯದಲ್ಲಿ ಮುಂದೆ ಆ ಎಪ್ಪತ್ತು ಮಂದಿ ಖುಷಿಯಾಗಿ ವಾಪಸ್ ಬಂದು ದೆವ್ವಗಳೂ ನಮ್ಮ ಮಾತು ಕೇಳಿದ್ವು ಅಂತ ರಿಪೋರ್ಟ್ ಕೊಡ್ತಾರೆ, ಯೇಸು ಅದಕ್ಕೆ ಖುಷಿ ಪಡ್ಬೇಡಿ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆಯಲ್ಲ ಅದಕ್ಕೆ ಖುಷಿ ಪಡಿ ಅಂತಾನೆ. ಕೈ ಎತ್ತಿದ ಮಕ್ಕಳ ಲೆಕ್ಕ ಇದ್ದ ಆ ಡೈರಿ ನೆನಪಾಯ್ತು.

ಎರಡನೇ ಸ್ಟಾರ್ ಈ ಜ್ವರಕ್ಕೆ. ಸಂಸ್ಥೆಗೆ ಸೇರ್ಬೇಕಾದ ಸ್ಟಾರ್ ಅಲ್ಲ, ಆದ್ರೂ ಅವ್ರು ಕರ್ಕೊಂಡು ಹೋಗದಿದ್ರೆ ಬರ್ತಾನೇ ಇರ್ಲಿಲ್ಲ ಅಂತ ಅವ್ರ ಖಾತೆಗೇ ಹಾಕ್ತೀನಿ.

ಮೂರನೇದು ಟ್ರಾನ್ಸ್‌ಲೇಟರ್ ಅಣ್ಣನಿಗೆ. ನಮ್ಮವ್ರು ಐದು ನಿಮಿಷ ಉಸಿರು ಬಿಡದೆ ಪ್ರಸಂಗ ಮಾಡಿದ್ರೆ ಅವ್ರು ಎರಡು ವಾಕ್ಯದಲ್ಲಿ ಮುಗಿಸ್ತಿದ್ರು, ಜನ ತಲೆ ಆಡಿಸ್ತಿದ್ರು. ಒಂದಿನ ನಮ್ಮ ಲೀಡರ್ ಜೋಕ್ ಹೇಳಿದ್ರು, ಎಲ್ರೂ ಬಿದ್ದು ಬಿದ್ದು ನಕ್ರು, ಆಮೇಲೆ ಗೊತ್ತಾಯ್ತು ಅಣ್ಣ 'ಇವ್ರು ಏನೋ ಜೋಕ್ ಹೇಳಿದ್ರು, ದಯವಿಟ್ಟು ನಗಿ' ಅಂತ ಹೇಳಿದ್ರಂತೆ. ಅವ್ರೇ ಒಂದು ರಾತ್ರಿ ನನ್ನ ಹತ್ರ ಹೇಳಿದ್ದು, ನೀವು ಹೋದ ಮೇಲೆ ಊರವ್ರ ಪ್ರಶ್ನೆಗೆಲ್ಲ ಉತ್ತರ ಕೊಡೋರು ನಾವು ಅಂತ. ಇದನ್ನ ಹಗುರವಾಗಿ ತಗೋಬೇಡಿ. ಟೂರಿಸ್ಟ್ ವೀಸಾದಲ್ಲಿ ಹೋಗಿ ಧರ್ಮಪ್ರಚಾರ ಮಾಡೋದು ಎಷ್ಟೋ ದೇಶಗಳಲ್ಲಿ ಕಾನೂನು ಪ್ರಕಾರ ತಪ್ಪು. ನೇಪಾಳದಲ್ಲಿ 2018ರಿಂದ ಜಾರಿಯಲ್ಲಿರೋ ದಂಡ ಸಂಹಿತೆ ಪ್ರಕಾರ ಮತಾಂತರ ಮಾಡಿದ್ರೆ 5 ವರ್ಷದವರೆಗೂ ಜೈಲು, ವಿದೇಶಿಯಾದ್ರೆ ಶಿಕ್ಷೆ ಮುಗಿದ ಮೇಲೆ ಗಡಿಪಾರು. ಟೀಮ್‌ಗೆ ಅಡ್ವೆಂಚರ್ ಅನ್ಸೋದು ಅಲ್ಲೇ ಇರೋ ಸಭೆಗೆ ಕೇಸಾಗಿ ಉಳಿಯುತ್ತೆ. ನಮ್ಮ ಸಂಸ್ಥೆ ವೀಸಾ ವಿಷಯದಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡಿತ್ತು, ಏರ್‌ಪೋರ್ಟಲ್ಲಿ ಕೇಳಿದ್ರೆ ಸುತ್ತಾಡೋಕೆ ಬಂದಿದೀವಿ ಅನ್ನಿ ಅಂದ್ರು, ಸುವಾರ್ತೆ ಸಾರೋಕೆ ಹೋಗೋರು ಇಮಿಗ್ರೇಶನ್ ಕೌಂಟರಲ್ಲೇ ಸುಳ್ಳು ಹೇಳಿ ಒಳಗೆ ಹೋದ್ವಿ. ಇದಕ್ಕೆ ಒಂದು ಸ್ಟಾರ್ ಕಟ್.

ಅನಾಥಾಶ್ರಮ ವಿಸಿಟ್ ನಮ್ಮ ಪ್ಲಾನಲ್ಲಿ ಇರ್ಲಿಲ್ಲ, ಅದಕ್ಕೆ ಥ್ಯಾಂಕ್ಸ್. ಇದ್ರೆ ಆ ಟ್ರಿಪ್ ಬೇಡ್ವೇ ಬೇಡ ಅಂತೀನಿ. ಕಾಂಬೋಡಿಯಾದ ಅನಾಥಾಶ್ರಮಗಳಲ್ಲಿ ಇದ್ದ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಮಕ್ಕಳಿಗೆ ಅಪ್ಪನೋ ಅಮ್ಮನೋ ಒಬ್ಬರಾದ್ರೂ ಬದುಕಿದ್ದಾರೆ ಅಂತ ಯುನಿಸೆಫ್ ಹೇಳಿತ್ತು. ಬರೋ ವಿದೇಶಿಯರ ಕಾಣಿಕೆಗೋಸ್ಕರ ಮಕ್ಕಳನ್ನ ಮನೆಯಿಂದ ತಂದು ಇಟ್ಕೊಳ್ಳೋ ಜಾಗಗಳೂ ಇವೆ, ಎರಡು ದಿನ ಎತ್ತಿ ಆಡಿಸಿ ಅಳ್ತಾ ಟಾಟಾ ಮಾಡಿ ಬರೋದ್ರಲ್ಲಿ ಆ ಮಗುಗೆ ಏನು ಸಿಗುತ್ತೆ ಹೇಳಿ.

ಕೊನೇ ರಾತ್ರಿ ಎಲ್ಲ ಟ್ರಿಪ್‌ಗಳ ಹಾಗೇ. ಬೆಂಕಿ, ಗಿಟಾರು, ಎಲ್ರೂ ಅತ್ರು, ಮೂರು ಜನ ಫುಲ್ ಟೈಮ್ ಸೇವೆಗೆ ಬರ್ತೀವಿ ಅಂತ ಎದ್ದು ನಿಂತ್ರು. ಗೇಲಿ ಮಾಡ್ತಿಲ್ಲ, ಅವ್ರಲ್ಲಿ ಒಬ್ರು ನಿಜವಾಗಿ ಬೈಬಲ್ ಕಾಲೇಜಿಗೆ ಅಪ್ಲೈ ಮಾಡಿದ್ದಾರೆ. ನಾನು ನಿಲ್ಲಲಿಲ್ಲ, ನಿಲ್ಲದೇ ಇದ್ದಿದ್ದಕ್ಕೆ ಏನಾದ್ರೂ ತೊಂದ್ರೆನಾ ಅಂತ ಇಬ್ರು ಬಂದು ಪ್ರಾರ್ಥನೆ ಮಾಡಿ ಹೋದ್ರು.

ವಾಪಸ್ ಬಂದ್ವಿ. ಇಲ್ಲೇ ನನ್ನ ದೊಡ್ಡ ತಕರಾರು. ಮಲೇರಿಯಾ ಬರದ ಹಾಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಿದ್ರು, ಹೋಗೋ ಒಂದೆರಡು ದಿನ ಮುಂಚೆ ಶುರು ಮಾಡಿ, ಅಲ್ಲಿರೋವಷ್ಟು ದಿನ ದಿನಾ ನುಂಗಿ, ಬಂದ್ಮೇಲೂ ನಾಲ್ಕು ವಾರ ಬಿಡದೆ ನುಂಗ್ಬೇಕು, ಯಾಕಂದ್ರೆ ಅಲ್ಲಿ ಒಳಗೆ ಸೇರಿದ್ದು ತಕ್ಷಣ ತಲೆ ಎತ್ತಲ್ಲ, ಊರಿಗೆ ಬಂದು ಆರಾಮಾಗಿದ್ದಾಗ ಎತ್ತುತ್ತೆ. ಮಾತ್ರೆ ಚೀಟಿಗೆ ಇದ್ದ ಈ ಬುದ್ಧಿ ಸಂಸ್ಥೆಗೆ ಇರ್ಲಿಲ್ಲ. ಬಂದ ಮೇಲೆ ನಮಗೆ ಬಂದಿದ್ದು ಒಂದು ಫೀಡ್‌ಬ್ಯಾಕ್ ಫಾರ್ಮು, ಒಳ್ಳೆ ಫೋಟೋ ಇದ್ರೆ ಕಳಿಸಿ ಅಂತ ಮೆಸೇಜು, ಮತ್ತೆ ಮುಂದಿನ ವರ್ಷದ ಟ್ರಿಪ್‌ಗೆ ಅರ್ಲಿ ಬರ್ಡ್ ಆಫರ್! ಒಬ್ಬರೂ ಫೋನ್ ಮಾಡಿ ಹೇಗಿದ್ದೀಯಾ ಅಂತ ಕೇಳ್ಲಿಲ್ಲ. ಎರಡನೇ ತಿಂಗಳಿಗೆ ನನಗೆ ಎಲ್ಲಾ ಖಾಲಿ ಅನ್ಸೋಕೆ ಶುರುವಾಯ್ತು, ಬೈಬಲ್ ಮುಟ್ತಾ ಇರ್ಲಿಲ್ಲ, ಸಭೆಯಲ್ಲಿ ಟ್ರಿಪ್ ಬಗ್ಗೆ ಹಂಚ್ಕೋ ಅಂದ್ರೆ ತಪ್ಪಿಸ್ಕೊಂಡು ಓಡ್ತಿದ್ದೆ. ಟೀಮಲ್ಲಿ ಇನ್ನೂ ನಾಲ್ಕೈದು ಜನಕ್ಕೆ ಹೀಗೇ ಆಗಿತ್ತು ಅಂತ ಆಮೇಲೆ ಗೊತ್ತಾಯ್ತು, ಎಲ್ರೂ ನನಗೊಬ್ಬನಿಗೇ ನನಗೊಬ್ಬಳಿಗೇ ಅಂದ್ಕೊಂಡು ಸುಮ್ಮನಿದ್ವಿ. ಅಮೆರಿಕದಲ್ಲಿ ಇಂಥ ಶಾರ್ಟ್ ಟರ್ಮ್ ಟ್ರಿಪ್ ಮಾಡೋ ಸಂಸ್ಥೆಗಳಿಗೆ ಅಂತ ಏಳು ಮಾನದಂಡ ಮಾಡ್ಕೊಂಡಿದ್ದಾರೆ, ಅದ್ರಲ್ಲಿ ಏಳನೇದೇ ಸರಿಯಾದ ಫಾಲೋಅಪ್. ಸೇರೋ ಮುಂಚೆ ಒಂದೇ ಒಂದು ಪ್ರಶ್ನೆ ಕೇಳೋಕೆ ಅವಕಾಶ ಇದ್ರೆ ಇದನ್ನೇ ಕೇಳಿ, ಬಂದ ಆರು ತಿಂಗಳು ಯಾರು ನನ್ನ ಜೊತೆ ಇರ್ತಾರೆ, ಅವ್ರ ಹೆಸರು ಹೇಳಿ ಅಂತ. ಹೆಸರು ಹೇಳೋಕೆ ತಡವರಿಸಿದ್ರೆ ಫಾರ್ಮ್ ವಾಪಸ್ ತಗೊಳ್ಳಿ. ಇದಕ್ಕೆ ಕಟ್ ಆಯ್ತು ಇನ್ನೊಂದು ಸ್ಟಾರ್.

ಟೈಮ್ ಇರೋರು ಉದ್ದದ್ದನ್ನೇ ನೋಡಿ ಅಂತೀನಿ. 1960ರಲ್ಲಿ ಲೋರೆನ್ ಕನ್ನಿಂಗ್‌ಹ್ಯಾಮ್ ಶುರು ಮಾಡಿದ ಯೂತ್ ವಿತ್ ಎ ಮಿಷನ್‌ನವ್ರ ಶಿಷ್ಯತ್ವದ ತರಬೇತಿಯಲ್ಲಿ ಸುಮಾರು ಮೂರು ತಿಂಗಳು ಬರೀ ಕ್ಲಾಸು, ಆಮೇಲೆ ಎರಡು ಮೂರು ತಿಂಗಳು ಹೊರಗೆ. ಜಾರ್ಜ್ ವರ್ವರ್ ಶುರು ಮಾಡಿದ ಆಪರೇಷನ್ ಮೊಬಿಲೈಸೇಶನ್‌ನವ್ರ ಲೋಗೋಸ್ ಹೋಪ್ ಹಡಗಲ್ಲಿ ಕೆಲಸ ಮಾಡೋರೆಲ್ಲ ಸಂಬಳ ಇಲ್ಲದ ವಾಲಂಟಿಯರ್ಸು, ಅಡುಗೆ ಮನೆ, ಇಂಜಿನ್ ರೂಮು, ಪುಸ್ತಕದ ಅಂಗಡಿ ಅಂತ. ಅಲ್ಲಿಗೆ ಹೋದೋರು ಪಾತ್ರೆ ತೊಳೆದ ತಿಂಗಳುಗಳ ಬಗ್ಗೆನೇ ಜಾಸ್ತಿ ಮಾತಾಡೋದು ಕೇಳಿದೀನಿ. ನಾನು ಎರಡಕ್ಕೂ ಹೋಗಿಲ್ಲ, ಸ್ಟಾರ್ ಕೊಡೋ ಹಕ್ಕಿಲ್ಲ, ಆದ್ರೆ ಎರಡು ವಾರದ ಟ್ರಿಪ್ಪಲ್ಲಿ ಹುರುಪು ಇಳಿಯೋ ಮುಂಚೆನೇ ಮನೆಗೆ ಕಳಿಸ್ತಾರೆ, ಅಲ್ಲಿ ಇಳಿದ ಮೇಲೂ ಅಲ್ಲೇ ಇರ್ಬೇಕಲ್ಲ.

ನಮ್ಮ ಟೀಮಲ್ಲಿ ಮೂರು ಜನ ಈಗ ಭಾನುವಾರ ರಾತ್ರಿ ನಾವೇ ಕಾಲ್ ಮಾಡ್ಕೋತೀವಿ, ಲೀಡರ್ ಇಲ್ಲ, ಟಾಪಿಕ್ ಇಲ್ಲ, ಒಂದು ಕೀರ್ತನೆ ಓದಿ ಆ ವಾರ ಎಲ್ಲಿ ಎಡವಿದ್ವಿ ಅಂತ ಹೇಳ್ಕೊಳ್ಳೋದು. ಕವರ್ ಕೊಟ್ಟಿದ್ದ ಅಜ್ಜಿಗೆ ಮೂರು ತಿಂಗಳ ಹಿಂದೆ ಸ್ಟ್ರೋಕ್ ಆಯ್ತು, ಮಾತು ಬರ್ತಿಲ್ಲ. ಟ್ರಿಪ್ ಕಥೆ ಹೇಳ್ಬೇಕು, ಅವ್ರ ದುಡ್ಡಿಗೆ ಲೆಕ್ಕ ಒಪ್ಪಿಸ್ಬೇಕು ಅಂತ ಮೊದಲನೇ ಸಲ ಫೋಟೋಗಳನ್ನೆಲ್ಲ ತಗೊಂಡು ಹೋದೆ. ಎರಡು ಫೋಟೋ ನೋಡಿ ಕಣ್ಣು ಮುಚ್ಕೊಂಡ್ರು, ಸುಸ್ತು ಪಾಪ. ಫೋನ್ ಜೇಬಿಗೆ ಹಾಕ್ಕೊಂಡು ಗೋಡೆಗೆ ಒರಗಿ ಕೂತೆ. ಈಗ ವಾರಕ್ಕೆ ಎರಡು ಸಾಯಂಕಾಲ ಹೋಗ್ತೀನಿ, ಒಂದೊಂದ್ಸಲ ಅವ್ರು ನಿದ್ದೆ ಮಾಡ್ತಿರ್ತಾರೆ, ಆಗ ಅವ್ರ ಹೆಸರು ಹೇಳಿ ಸಣ್ಣ ದನಿಯಲ್ಲಿ ಪ್ರಾರ್ಥನೆ ಮಾಡಿ ಬರ್ತೀನಿ.